ಟಿವಿ ಸೌಂಡ್ ಕಮ್ಮಿ ಮಾಡ್ಕೊಳ್ಳಿ

ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಹೊತ್ತು ಬದಿಗಿಟ್ಟು ಇತ್ತ ಕಿವಿಗೊಡಿ. ಪರರ ಮಾತನ್ನು ಕೇಳುವುದನ್ನೇ ದೇವರ ಸೇವೆಯಾಗಿಸಿಕೊಂಡಿದ್ದ ಒಬ್ಬ ಹೆಣ್ಣುಮಗಳ ಕಥೆಯಿದು.

ಟಿವಿ ವಾಹಿನಿಯೊಂದರ ಸಂಜೆಯ ಮಾತುಕತೆಯ ಕಾರ್ಯಕ್ರಮಕ್ಕೆ ಬರುವ ಕರೆಗಳನ್ನು ಎತ್ತುವುದು ಆಕೆಯ ಕೆಲಸ. ಸ್ಟುಡಿಯೋದ ಗಾಜಿನ ಗೋಡೆಯಾಚೆ ಕಿರಿದಾದ ಕೋಣೆ, ಒಂದು ಮೇಜು, ಅದರ ಮೇಲೆ ಸುರುಳಿ ತಂತಿಯ ಫೋನು. ಯಾರೇ ಕರೆ ಮಾಡಲಿ, ನಿರೂಪಕನಿಗೆ ಕೊಡುವ ಮುನ್ನ "ಟಿವಿ ಸೌಂಡ್ ಕಮ್ಮಿ ಮಾಡ್ಕೊಳ್ಳಿ" ಎನ್ನುವಳು. ಇಲ್ಲದಿದ್ದರೆ ಅವರ ದನಿಯೇ ಟಿವಿಯಿಂದ ತಡವಾಗಿ ಮರಳಿ ಬಂದು ಅವರನ್ನು ಗಲಿಬಿಲಿಗೊಳಿಸುತ್ತದೆ. ಹೀಗಾಗಿ ಎಲ್ಲರಿಗೂ ಆಕೆ ಸೌಂಡಕ್ಕ.

"ಮನೇಲಿ ಭಾವಂಗೂ ಹೀಗೇ ಹೇಳ್ತೀಯೇನಕ್ಕಾ?" ಎಂದು ಕ್ಯಾಮೆರಾದವನು ಕಾಲೆಳೆದರೆ, "ಅವರು ಮ್ಯೂಟ್ ಆಗಿ ಎಷ್ಟೋ ವರ್ಷ ಆಯ್ತು ಕಣೋ" ಎಂದು ನಗುವಳು.

ವಾರವಾರವೂ ಕರೆ ಮಾಡುವ ಒಬ್ಬ ಮುದಿ ದರ್ಜಿಯಿದ್ದರು. ಹಠ ಹಿಡಿದು ಮಗಳ ಮದುವೆಗೇ ಹೋಗದಿದ್ದ ತಂದೆ. "ನನ್ ಫೋನ್ ಅವ್ಳು ಎತ್ತಲ್ಲ ತಾಯಿ. ಆದ್ರೆ ನಿಮ್ ಕಾರ್ಯಕ್ರಮ ತಪ್ಪಿಸಲ್ವಂತೆ. ಅಲ್ಲೇ ಅವ್ಳಿಗೊಂದ್ ಮಾತು ಹೇಳ್ಬೇಕು" ಎನ್ನುವರು. ಮರುಗಳಿಗೆಯೇ ಧೈರ್ಯ ಕುಸಿದು, "ಬೇಡಮ್ಮ, ಮುಂದಿನ ವಾರ" ಎನ್ನುವರು.

"ಅವಸರ ಇಲ್ಲ ಯಜಮಾನ್ರೇ. ಯಾವತ್ತು ಮನಸ್ಸಾಗುತ್ತೋ ಅವತ್ತು ನಿಮ್ಮನ್ನೇ ಮೊದ್ಲು ಹಾಕ್ತೀನಿ."

ಅಷ್ಟರಲ್ಲಿ ಕಾಲ ಬದಲಾಯಿತು. ಜನ ಟಿವಿಯ ಮುಂದೆ ಕೂರುವುದನ್ನು ಬಿಟ್ಟು ಫೋನಿನಲ್ಲಿ ತುಣುಕುಗಳನ್ನು ನೋಡತೊಡಗಿದರು. ಇಡೀ ಸಂಜೆಯ ಸಂವಾದವನ್ನು ಚೂರುಚೂರಾಗಿ ಕತ್ತರಿಸಿ ಇಂಟರ್ನೆಟ್ಟಿಗೆ ಹಾಕಲು ಹೊಸ ನಿರ್ಮಾಪಕ ಬಂದ. ಕರೆಗಳೇ ಬೇಡ, ಕಾಮೆಂಟುಗಳು ಸಾಕು ಎಂದು ತೀರ್ಮಾನವಾಯಿತು. ಕರೆ ಸ್ವೀಕರಿಸುವ ಕೊನೆಯ ಸಂಜೆ ದರ್ಜಿ, "ಇವತ್ತು ಹೇಳೇಬಿಡ್ತೀನಮ್ಮ" ಎಂದರು.

"ಬೇಗ ಕೊಡಿ ಮೇಡಂ, ನೋಡೋರು ಬೆರಳು ಜಾರಿಸ್ಕೊಂಡು ಹೋಗ್ತಾರೆ!" ಎಂದು ನಿರ್ಮಾಪಕ ಬೆನ್ನ ಹಿಂದೆ ನಿಂತು ಅವಸರಿಸಿದ. ಸೌಂಡಕ್ಕ ಗುಂಡಿಯೊತ್ತಿದಳು. ಜೀವಮಾನವಿಡೀ ಹೇಳಿಕೊಂಡು ಬಂದ ಆ ಒಂದು ಮಾತನ್ನು ಅಂದು ಹೇಳಲಿಲ್ಲ.

"ಮಗಾ..." ಎಂದರು ದರ್ಜಿ. ಕ್ಷಣ ಬಿಟ್ಟು ಅವರ ಟಿವಿಯೂ "ಮಗಾ" ಎಂದಿತು.

"ಯಾರಪ್ಪ ಅದು? ನಾನ್ ಮಾತಾಡ್ತಿದೀನಿ, ಸ್ವಲ್ಪ ಸುಮ್ನಿರಿ!"

"ಅದು ನೀವೇ ಅಜ್ಜಾ!" ನಿರೂಪಕ ಬಿದ್ದುಬಿದ್ದು ನಕ್ಕ. ಕರೆಯನ್ನು ಪ್ರಸಾರದಿಂದ ತೆಗೆದರು. ದರ್ಜಿ ಗಾಬರಿಯಲ್ಲಿ ಟಿವಿಯನ್ನು ಆರಿಸಿಬಿಟ್ಟಿದ್ದರು, ಅವರಿಗದು ತಿಳಿಯಲಿಲ್ಲ. ಸೌಂಡಕ್ಕನ ಕಿವಿಯಲ್ಲಿ ಅವರ ಮಾತು ಮುಂದುವರಿದೇ ಇತ್ತು: "ನಿನ್ ಮದ್ವೆಗೆ ಅಂತ ಬಟ್ಟೆ ಹೊಲ್ದಿದ್ದೆ ಮಗಾ. ಇನ್ನೂ ಮೆಷಿನ್ ಮೇಲೇ ಇದೆ. ತಂದ್ಕೊಡೋಕೆ ಅಹಂಕಾರ ಬಿಡ್ಲಿಲ್ಲ. ತಪ್ಪು ನಂದೇ." ಆಮೇಲೆ ಮೆಲ್ಲಗೆ, "ಕೇಳಿಸ್ತೇನಮ್ಮ?"

"ಕೇಳಿಸ್ತು ಯಜಮಾನ್ರೇ." ಅದು ಪ್ರಸಾರವಾಗಲಿಲ್ಲವೆಂಬುದನ್ನು ಮಾತ್ರ ಮುಚ್ಚಿಟ್ಟಳು.

ನಗೆಯ ಆ ತುಣುಕು ಫೋನಿನಿಂದ ಫೋನಿಗೆ ಹರಿದಾಡಿತು. ನಿಜ ಹೇಳಬೇಕೆಂದು ಆಕೆ ದರ್ಜಿಗೆ ಮತ್ತೆ ಮತ್ತೆ ಕರೆ ಮಾಡಿದಳು, ಯಾರೂ ಎತ್ತಲಿಲ್ಲ. ಕೆಲವು ದಿನಗಳ ಮೇಲೆ ಎಲೆಕ್ಟ್ರಿಷಿಯನ್ ಬಂದು ಆ ಕೋಣೆಯ ಫೋನಿನ ತಂತಿಗೆ ಕೈಹಾಕುವಷ್ಟರಲ್ಲಿ ಫೋನು ರಿಂಗಾಯಿತು. ಹೆಂಗಸಿನ ದನಿ.

"ಎಲ್ರೂ ನಗ್ತಿರೋ ಆ ವಿಡಿಯೋದಲ್ಲಿರೋದು ನಮ್ಮಪ್ಪ. ಈಗ ನಾನೂ ಫೋನಲ್ಲೇ ತುಣುಕು ನೋಡೋದು. ಕಣ್ಣಿಗೆ ಬೀಳೋ ಅಷ್ಟ್ರಲ್ಲಿ ತಡವಾಯ್ತು. ಓಡೋಡಿ ಹೋದೆ, ಅಪ್ಪ ತೀರ್ಕೊಂಡ್ಬಿಟ್ಟಿದ್ರು. ವಿಡಿಯೋ ಕೆಳಗೆ ಈ ನಂಬರ್ ಇತ್ತು. ಮಗಾ ಅಂದಾದ್ಮೇಲೆ ಅಪ್ಪ ಏನ್ ಹೇಳೋರಿದ್ರು, ನಿಮ್ಗೇನಾದ್ರೂ ಗೊತ್ತಾ?"

"ಕಿತ್ತುಬಿಡ್ಲಾ ಅಕ್ಕಾ?" ಎಂದ ಎಲೆಕ್ಟ್ರಿಷಿಯನ್‌ಗೆ ಕೈ ಅಡ್ಡ ಹಿಡಿದು, ಸೌಂಡಕ್ಕ ಆ ಮಾತನ್ನು ಒಂದಕ್ಷರ ಬಿಡದೆ ಮಗಳಿಗೆ ಹೇಳಿದಳು.

"ಇನ್ನೊಂದ್ಸಲ ಹೇಳ್ತೀರಾ ಅಕ್ಕಾ? ಅಪ್ಪನ ಥರಾನೇ, ನಿಧಾನಕ್ಕೆ."

ಆಕೆ ಮತ್ತೊಮ್ಮೆ ಹೇಳಿದಳು, ನಿಧಾನವಾಗಿ.

ಬಂಧುಗಳೇ, ತಡವರಿಸುವವನ ಮಾತನ್ನೂ ಭಗವಂತ ಕೊನೆಯವರೆಗೆ ಕೇಳುತ್ತಾನೆಂದು ನಾನು ನಂಬಿದ್ದೇನೆ. ಇಂದು ನಿಮ್ಮ ಮನೆಯಲ್ಲಿ ಯಾರಾದರೂ ಮಾತಿಗೆ ಬಾಯಿ ತೆರೆದು ಅರೆಕ್ಷಣ ತಡೆದರೆ, ಕೈಮುಗಿದು ಬೇಡುತ್ತೇನೆ, ಸೌಂಡ್ ಕಮ್ಮಿ ಮಾಡಿ. ಅವರ ಮಾತು ಮುಗಿಯುವವರೆಗೆ ಎದ್ದು ಹೋಗಬೇಡಿ.