ವಿಭೂತಿ ಬಳಿದ ಗುಂಡಿ

ವಾಹನ ನಡೆಸುವವನು ಮೊದಲು ಅದರ ಮನೋಧರ್ಮವನ್ನು ಅರಿಯಬೇಕು. ನನ್ನ ಅಕ್ಕನ ಮಗ ಶಿವುವಿನ ಹೊಸ ಕಾರಿನಲ್ಲಿ ಮನೋಧರ್ಮವನ್ನು ಬದಲಿಸಲೆಂದೇ ಒಂದು ತಿರುಗಿಸುವ ಗುಂಡಿ ಇತ್ತು. ಕಾರಿನ ಪೂಜೆಯ ದಿನ ಅಕ್ಕ ಅದಕ್ಕೂ ವಿಭೂತಿ ಬಳಿದಿದ್ದರಿಂದ ಅದರ ಅಕ್ಷರಗಳು ಕಾಣುತ್ತಿರಲಿಲ್ಲ. ಒರೆಸುವ ಧೈರ್ಯ ಯಾರಿಗೂ ಇರಲಿಲ್ಲ.

ಶಿವುವಿಗೆ ಹೆಣ್ಣು ನೋಡಲು ಮೂವರೂ ನಾಸಿಕದಿಂದ ಔರಂಗಾಬಾದಿಗೆ ಹೊರಟಿದ್ದೆವು. ನೋಡುವುದು ಅಕ್ಕನ ಸಮಾಧಾನಕ್ಕೆ. ಶಿವು ಆ ಹುಡುಗಿಯ ಜೊತೆ ಫೋನಿನಲ್ಲಿ ಮಾತಾಡಿ ಎಂದೋ ಒಪ್ಪಿಬಿಟ್ಟಿದ್ದ.

ನಿಫಾಡ್ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಬೆಳಗಿನ ಮಂಜಿನಲ್ಲಿ ದ್ರಾಕ್ಷಿ ತೋಟದ ಕಂಬಗಳು ಕೈಚಾಚಿ ನಿಂತವರಂತೆ ಕಾಣುತ್ತಿದ್ದವು. ಶಿವು ಬ್ರೇಕ್ ಒತ್ತಿದ. ಎಂಜಿನ್ ತಾನಾಗಿಯೇ ಉಸಿರು ನಿಲ್ಲಿಸಿತು.

"ಯಾಕ ಬಂದ್ ಮಾಡ್ದಿ?" ಎಂದಳು ಅಕ್ಕ.

"ನಾ ಮಾಡಿಲ್ಲವ್ವಾ. ಇಕೋ ಮೋಡ್ ಇರ್ಬೇಕು. ಪೆಟ್ರೋಲ್ ಉಳಿಸ್ಲಿಕ್ಕ ಅದೇ ಬಂದ್ ಆಗ್ತದ."

ಮಂಜಿನೊಳಗೆ ರೈಲಿನ ಸದ್ದು ಮಾತ್ರ ಹಾದುಹೋಯಿತು. ಶಿವು ಬ್ರೇಕಿನ ಮೇಲಿನ ಕಾಲು ಸಡಿಲಿಸಿದ. ಯಾರೂ ಚಾಲೂ ಮಾಡದೆ ಎಂಜಿನ್ ಎದ್ದಿತು. ಅಕ್ಕ ಕೊರಳ ಲಿಂಗವನ್ನು ಹಿಡಿದುಕೊಂಡಳು.

"ಬ್ಯಾರೆ ಮೋಡ್ ಹಾಕ್ತೀನಿ, ನೋಡು," ಎಂದು ಅವನು ಗುಂಡಿ ತಿರುಗಿಸಿದ. ಸ್ಟೀರಿಂಗಿನ ಹಿಂದಿನ ಫಲಕದ ದೀಪಗಳೆಲ್ಲ ರಕ್ತಗೆಂಪಾದವು. ಗಾಡಿ ಗುರುಗುಟ್ಟಿತು.

"ಹೆಣ್ಣ ನೋಡ್ಲಿಕ್ಕ ಹೊಂಟಾಗ ಸತ್ತು ಎದ್ದದ. ಈಗ ಕಣ್ಣ ಕೆಂಪ ಮಾಡ್ಯದ. ತಿರಗ್ಸು ಗಾಡಿ."

"ಮಾಮಾ, ನೀವರೆ ಹೇಳ್ರಿ," ಎಂದು ಶಿವು ನನ್ನ ಕಡೆ ನೋಡಿದ.

ವಿಜ್ಞಾನದ ಪಕ್ಷ ವಹಿಸುವುದು ನನ್ನ ಕರ್ತವ್ಯವಾಗಿತ್ತು. ಆದರೆ ನನ್ನ ತೋಳಿನ ರೋಮಗಳೂ ನಿಂತಿದ್ದವು; ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡೆ.

ಗೇಟು ತೆರೆಯಿತು. ನಾವು ನಾಸಿಕಕ್ಕೆ ಮರಳಿದೆವು.