ನ್ಯೂವಾರ್ಕಿನಲ್ಲಿ ಬಾಸಿಂಗ ಕಟ್ಟಿದ್ದು

ಕಳೆದ ವರ್ಷ ಜೂನ್ ತಿಂಗಳು. ಬಾರ್ಸಿಲೋನಾದಲ್ಲಿರುವ ನನ್ನ ತಂಗಿ ಪದ್ಮಳ ಮಗಳ ಮದುವೆಗೆಂದು ನಾನು ಮತ್ತು ನನ್ನ ಹೆಂಡತಿ ಸರೋಜ ನ್ಯೂವಾರ್ಕಿಗೆ ಹತ್ತಿರದ ನಮ್ಮೂರು ಮೆಟುಚೆನ್‌ನಿಂದ ಹೊರಟೆವು. ವಧೂವರರ ಹಣೆಗೆ ಕಟ್ಟುವ ಜೋಡಿ ಬಾಸಿಂಗ ನಮ್ಮ ವಶದಲ್ಲಿತ್ತು. ಮೈಸೂರಿನಿಂದ ಬಂದ ಪರಿಚಿತರೊಬ್ಬರು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟಿದ್ದರು. ಮುತ್ತು ಪೋಣಿಸಿದ, ಮುಟ್ಟಿದರೆ ನಲುಗುವಂಥ ಕೆಲಸ.

ಪದ್ಮ ಫೋನಿನಲ್ಲಿ ಹೇಳಿಬಿಟ್ಟಿದ್ದಳು: "ಅಣ್ಣಾ, ಇಲ್ಲಿ ಬೇರೆ ಸಿಗಲ್ಲ. ಬಾಸಿಂಗ ಮುರಿದ್ರೆ ಅಪಶಕುನ ಅಂತ ಬೀಗರು ಮುಖ ಊದಿಸ್ಕೊಳ್ತಾರೆ. ನೀನು ಬರದಿದ್ರೂ ಪರವಾಗಿಲ್ಲ, ಅದು ನೆಟ್ಟಗೆ ಬರ್ಬೇಕು."

ವಿಮಾನ ಆರಿಸಿದ ಮಹಾಪರಾಧ ನನ್ನದು. ಅದು ಯುರೋಪಿನ ಒಂದು ಅಗ್ಗದ ವಿಮಾನ ಸಂಸ್ಥೆ. ಅದರ ಚರಿತ್ರೆಯನ್ನು ನಾನು ಪುರಾಣದಷ್ಟು ಭಕ್ತಿಯಿಂದ ಓದಿಕೊಂಡಿದ್ದೆ. ಬಾಡಿಗೆಗೆ ತಂದ ಎರಡು ಹಳೆಯ ವಿಮಾನ, ಒಂದೇ ಕೋಣೆಯ ಆಫೀಸು. ಸ್ಥಾಪಕ ಮಹಾಶಯ ನಿಯಮದ ಪುಸ್ತಕ ತೆರೆದು ನೋಡಿದನಂತೆ. ಪ್ರಯಾಣಿಕನಿಗೆ ಊಟ ಹಾಕಲೇಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಊಟ ನಿಲ್ಲಿಸಿದ. ಚಹಾ ನಿಲ್ಲಿಸಿದ. ಹೀಗೆ ಒಂದೊಂದೇ ನಿಲ್ಲಿಸುತ್ತ ನಿಲ್ಲಿಸುತ್ತ ಸಂಸ್ಥೆ ಬೆಳೆಯಿತು. ಮೊದಲು ಅದನ್ನು ನೋಡಿ ನಕ್ಕಿದ್ದ ದೊಡ್ಡ ಕಂಪನಿಗಳ ಎದುರೇ ಅಟ್ಲಾಂಟಿಕ್ ದಾಟಿ ನ್ಯೂವಾರ್ಕಿಗೂ ಬಂದಿಳಿಯಿತು.

ಕಾರಿನಲ್ಲಿ ಇದನ್ನು ಮೂರನೇ ಸಲ ಹೇಳುತ್ತಿದ್ದಾಗ ಸರೋಜ, "ಅವನು ಅಷ್ಟೊಂದು ವಿಮಾನ ಇಟ್ಟ. ನೀವು ಒಂದು ದೊಡ್ಡ ಬ್ಯಾಗ್ ಬುಕ್ ಮಾಡ್ಲಿಲ್ಲ," ಎಂದಳು. ನಾನು ರಸ್ತೆಯ ಕಡೆ ಗಮನ ಕೊಟ್ಟೆ.

ಗೇಟಿನಲ್ಲಿ ಒಬ್ಬರಿಗೆ ಒಂದೇ ಚೀಲ. ನಮ್ಮ ಎರಡೂ ಚೀಲಗಳಲ್ಲಿ ಚಟ್ನಿಪುಡಿ, ಚಕ್ಕುಲಿ, ರೇಷ್ಮೆ ಸೀರೆಗಳು ಉಸಿರು ಬಿಗಿಹಿಡಿದು ಕೂತಿದ್ದವು. ಬಾಸಿಂಗದ ಡಬ್ಬ ಮೂರನೆಯದಾಯಿತು. "ಇದು ಕೆಳಗೆ ಲಗೇಜಿನ ಜೊತೆ ಹೋಗಬೇಕು, ಸರ್," ಎಂದಳು ಗೇಟಿನ ಯುವತಿ. ಅಲ್ಲಿ ಸೂಟ್‌ಕೇಸುಗಳನ್ನು ಎಸೆಯುವ ವೈಖರಿ ಗಾಜಿನಾಚೆ ಕಾಣುತ್ತಿತ್ತು. ಸರೋಜಳ ಕಣ್ಣಲ್ಲಿ ನೀರು ಬಂತು.

ಆಗ ನನಗೆ ಸ್ಥಾಪಕ ಮಹಾಶಯ ನೆನಪಾದ. "ಮೈಮೇಲೆ ಹಾಕಿಕೊಂಡದ್ದು ಲಗೇಜೇ?" ಎಂದು ಕೇಳಿದೆ. ಆಕೆ ಪರದೆ ನೋಡಿ, ಮೇಲಧಿಕಾರಿಯನ್ನು ಕೇಳಿ, "ಹಾಗೆಂದು ಎಲ್ಲಿಯೂ ಬರೆದಿಲ್ಲ," ಎಂದಳು.

ಡಬ್ಬ ತೆರೆದೆ.

"ರೀ, ಮದುಮಕ್ಕಳಿಗಿಂತ ಮೊದ್ಲು ನಾವು ಕಟ್ಕೊಳ್ಳೋದಾ? ಶಾಸ್ತ್ರ ಏನನ್ನತ್ತೆ?"

"ಶಾಸ್ತ್ರದಲ್ಲೂ ಬೇಡ ಅಂತ ಬರೆದಿಲ್ಲ. ತಲೆ ಬಗ್ಗಿಸು."

ಸರೋಜ ಬಗ್ಗಿಸಿದಳು. ನಾನು ಅವಳಿಗೆ, ಅವಳು ನನಗೆ ದಾರ ಬಿಗಿದೆವು. ಖಾಲಿ ಡಬ್ಬವನ್ನು ಕಸದ ಬುಟ್ಟಿಗೆ ಅರ್ಪಿಸಿ, ಅರವತ್ತೆಂಟರ ವರನೂ ಅರವತ್ತಮೂರರ ವಧುವೂ ಗಂಭೀರವಾಗಿ ನಡೆದೆವು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆ ಹಾಕಿದರು. ಗಗನಸಖಿ ಮೈಕಿನಲ್ಲಿ ನವದಂಪತಿಗೆ ಶುಭ ಕೋರಿ, ಎರಡು ಲೋಟ ಚಹಾ ತಂದಿಟ್ಟಳು. ದುಡ್ಡು ತೆಗೆಯಹೋದರೆ ಬೇಡವೆಂದಳು. ಸಂಸ್ಥೆಯ ಚರಿತ್ರೆ ಬಲ್ಲವರಿಗಷ್ಟೇ ಆ ಚಹಾದ ಮಹತ್ವ ಗೊತ್ತು.

ಕುಳಿತ ಮೇಲೆ ಬಿಚ್ಚಿ ತೊಡೆಯ ಮೇಲಿಟ್ಟುಕೊಳ್ಳೋಣವೆಂದೆ. ಸರೋಜ ನನ್ನ ಕೈ ಹಿಡಿದು ತಡೆದಳು.

"ಸ್ವಲ್ಪ ಹೊತ್ತು ಇರ್ಲಿ. ಅವತ್ತು ಮಂಟಪದಲ್ಲಿ ತಲೆ ಎತ್ತಬೇಡ ಅಂದಿದ್ರು ನಿಮ್ಮಮ್ಮ. ನಿಮ್ಮನ್ನ ಬಾಸಿಂಗದಲ್ಲಿ ನಾನು ನೋಡೇ ಇರ್ಲಿಲ್ಲ."

ಕಟ್ಟಿದ ಬಾಸಿಂಗ ಜಾರದಿರಲೆಂದು ಮುಂದಿನ ಏಳು ಗಂಟೆ ನಾನು ಸೀಟಿಗೆ ತಲೆ ಒರಗಿಸಲಿಲ್ಲ. ಬಾಸಿಂಗಗಳು ಒಂದು ಮುತ್ತೂ ಉದುರದೆ ಬಾರ್ಸಿಲೋನಾ ಮುಟ್ಟಿದವು. ಕಥೆ ಕೇಳಿದ ಪದ್ಮ, "ನಲವತ್ತು ವರ್ಷ ಬಾಳಿದವರ ಹಣೆ ಮುಟ್ಟಿ ಬಂದಿದೆ, ಇನ್ನೇನು ಬೇಕು," ಎಂದು ಬೀಗರ ಮುಂದೆಯೇ ಸಾರಿದಳು.

ನನ್ನ ಕತ್ತು ಮಾತ್ರ ಮದುವೆ ಮುಗಿಯುವ ತನಕ ನೋಯುತ್ತಿತ್ತು. ವಿಮಾನದಲ್ಲಿ ಸರೋಜ ನನ್ನನ್ನು ನೋಡುತ್ತಿದ್ದಷ್ಟು ಹೊತ್ತೂ ಆ ನೋವು ನೆನಪಿಗೆ ಬರಲಿಲ್ಲ.