ರಗ್ಬಿ ಆಡಿದ ಕಿವಿ

ದೇಶದ ಪರವಾಗಿ ರಗ್ಬಿ ಆಡಿದಾಂವ ಒಬ್ಬ ನಮ್ಮ ಹೊರ್ತಿ ಊರಾಗ, ನಮ್ಮ ಬಾಜೂ ಮನ್ಯಾಗ ಇದ್ದ. ತತ್ತಿಯಂಥಾ ಚೆಂಡಿನ ಆಟ ಅದು. ಎಂಟು ಮಂದಿ ತಲಿ ತಗ್ಗಿಸಿ, ಎದರಿನ ಎಂಟು ಮಂದೀನ ನೂಕಬೇಕು. ವರ್ಷಾನುಗಟ್ಟಲೆ ನೂಕಿ ನೂಕಿ ಅವನ ಕಿವಿ ಒಣಗಿದ ಅಂಜೂರದಂಗ ಮುರುಟಿದ್ದವು. ಯಾರರ ಹೊಗಳಿದ್ರ ಕುತ್ತಿಗಿ ತುರಸ್ಕೋತ, "ನಾ ಒಬ್ಬನ ಅಲ್ರಿ, ಎಂಟೂ ಮಂದಿ" ಅಂತಿದ್ದ.

ಅವಗ ಹೆಣ್ಣ ಕೊಡಾಕಂತ ತಂಗಡಗಿಯಿಂದ ಹೆಣ್ಣಿನ ಕಡೆಯವರು ಮನಿ ನೋಡಾಕ ಬಂದ್ರು. ಹುಡುಗಿ ಅಪ್ಪ ಕಿವಿ ನೋಡಿ ಚಹಾ ಕೆಳಗಿಟ್ಟ.

"ಯಾರ ಹೊಡದಾರಪಾ?"

"ಎಂಟು ಮಂದಿ ಕೂಡಿ ಆಗಿದ್ರಿ ಇದು."

"ಇಂವ ಬಡಿದಾಡೂ ಮನಶ್ಯಾ! ನಡೀರಿ ಹೋಗೂಣು," ಅಂತ ಎದ್ದ.

ಕೂಡಿದ ಸಂಬಂಧ ಮುರಿಯೂದಿತ್ತು. ಆದ್ರ ಇಂಡಿ ತಾಲೂಕಿನ್ಯಾಗ ನನ್ನಂಥಾ ಕಿಲಾಡಿ ಮುದುಕ ಯಾರದಾರ? "ಹೆದರೀರೇನ್ರಿ ಬೀಗರ?" ಅಂತ ಕೆಣಕಿದೆ. ಅವರ ರುಮಾಲ ತಗಸಿದೆ. ಅಂಗಳದಾಗ ಅವರದೊಂದು ಸಾಲು, ನಮ್ಮದೊಂದು ಸಾಲು ಮಾಡಿ, "ತಲಿ ತಗ್ಗಿಸಿ ನೂಕ್ರಿ!" ಅಂದೆ. ನಮ್ಮ ಹುಡುಗ ಬೀಗರು ಬೀಳಬಾರದಂತ ಅವರ ಸೊಂಟಾ ಗಟ್ಟಿ ಹಿಡದು, ತಾನ ಹಿಂದ ಸರಕೋತ ಹ್ವಾದ.

ಕಟ್ಟಿ ಮ್ಯಾಲ ಕುಂತಿದ್ದ ಬೀಗತಿ ಗಂಡನ್ನ ನೋಡಿ ನಕ್ಕೋತ, "ಏನ್ರೀ, ನಿಮ್ಮ ಕಿವೀನೂ ಕೆಂಪಾದ್ವು. ಇನ್ನ ನಿಮ್ಮನ್ನ ಮನಿಗೆ ಕರಕೊಂಡು ಹೋಗಲೋ ಬ್ಯಾಡೋ?" ಅಂದ್ಲು.

ಹುಡುಗನ ಬಗಲಾಗ ಸಿಕ್ಕೊಂಡಿದ್ದ ಬೀಗರ ತಲಿ ಒದರಿತು: "ಸಂಬಂಧ ಗಟ್ಟಿ ಆತು, ಸಕ್ಕರಿ ಹಂಚ್ರಿ! ಅಳಿಯಾ, ಮೊದಲ ನನ್ನ ಬಿಡಪಾ!"